ತಿಂಗಳ ಸಂಬಳದವರು

ಅಂಜನ್ ಫೈಲಿನಿಂದ ತೆಗೆದು ಮೇಜಿನ ಮೇಲಿಟ್ಟದ್ದು ಒಂದು ಲಗ್ನಪತ್ರಿಕೆ. ನಾಲ್ಕೂ ಮೂಲೆಗೆ ಹಚ್ಚಿದ ಅರಿಶಿನ ಒಣಗಿ ಬಣ್ಣಗೆಟ್ಟಿತ್ತು. ಹನುಮಂತರಾಜು ಅದನ್ನು ದೂರದಿಂದಲೇ ಗುರುತು ಹಿಡಿದ. ಹಿಡಿಯದೆ ಇರುತ್ತಾನೆಯೇ? ಅಚ್ಚು ಹಾಕಿಸಿದವನು ಅವನು, ಅರಿಶಿನ ಹಚ್ಚಿದವಳು ಅವನ ಹೆಂಡತಿ. ಹನ್ನೊಂದು ತಿಂಗಳ ಹಿಂದೆ ತಟ್ಟೆಯಲ್ಲಿ ಹಣ್ಣುಕಾಯಿಯ ಜೊತೆಗಿಟ್ಟು, ಫ್ಯಾಕ್ಟರಿಯ ಮಾಲೀಕರಿಗೆ ಬಗ್ಗಿ ಎರಡೂ ಕೈಯಲ್ಲಿ ಕೊಟ್ಟವನೂ ಅವನೇ.

"ಮೇಡಂ, ಇದು ಇವರ ಮಗಳ ಮದುವೆ ಕಾರ್ಡು. ಇವರೇ ಬಂದು ಕೊಟ್ಟಿದ್ದು. ಹೆಣ್ಣಿನ ತಂದೆ ಹೆಸರಿನ ಕೆಳಗಡೆ ಏನಿದೆ, ದಯವಿಟ್ಟು ಓದ್ಬೇಕು" ಎಂದ ಅಂಜನ್. ಅವನು ಗುಬ್ಬಿಯ ಆಚೆಗಿರುವ ಆ ಕಾಯಿಪುಡಿ ಫ್ಯಾಕ್ಟರಿಯಲ್ಲಿ ಸಿಬ್ಬಂದಿಯ ಕಾಗದಪತ್ರ ನೋಡಿಕೊಳ್ಳುವವನು. ಮೂವತ್ತರ ಒಳಗಿನ ವಯಸ್ಸು. ಕೆಟ್ಟವನೇನಲ್ಲ, ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುವವನು. ಅಂಥವರಿಂದಲೇ ಹೆಚ್ಚು ಕೆಡುಕಾಗುವುದು.

ಕಾರ್ಮಿಕ ಅಧಿಕಾರಿ ಪ್ರಿಯಾಂಕ ಕನ್ನಡಕ ಸರಿಮಾಡಿಕೊಂಡು ಪತ್ರಿಕೆಯನ್ನು ಎತ್ತಿಕೊಂಡರು. "ಶ್ರೀಮತಿ ಮತ್ತು ಶ್ರೀ ಹನುಮಂತರಾಜು, ಸೂಪರ್‌ವೈಸರ್, ಗುಬ್ಬಿ" ಎಂದು ಜೋರಾಗಿಯೇ ಓದಿದರು.

ಹನುಮಂತರಾಜುವಿನ ಬೆನ್ನ ಹಿಂದಿನ ಬೆಂಚಿನ ಮೇಲೆ ಅವನ ಬೀಗರು ರಾಮಾಂಜಿನಯ್ಯ ಕೂತಿದ್ದರು. ತಮ್ಮ ಮಗನ ಮದುವೆಯ ಪತ್ರಿಕೆ ತುಮಕೂರಿನ ಸರ್ಕಾರಿ ಕಚೇರಿಯ ಮೇಜಿನ ಮೇಲೆ ಯಾಕೆ ಬಂತೆಂದು ಅವರಿಗೆ ತಿಳಿಯಲಿಲ್ಲ. ಆದರೂ ತಮ್ಮ ಮನೆಯ ಮಾತು ಬಂತಲ್ಲ ಎಂದು ಒಂದಿಷ್ಟು ಮುಂದಕ್ಕೆ ಬಾಗಿ ಕೂತರು. ಅವರು ಇವತ್ತು ಬಂದಿರಬಾರದಿತ್ತು. ಹನುಮಂತರಾಜು ಬೇಡವೆಂದೇ ಹೇಳಿದ್ದ. "ಏನೋ ಕಂಪನಿಯಿಂದ ಸ್ವಲ್ಪ ಬಾಕಿ ಬರ್ಬೇಕು ಬೀಗ್ರೆ, ಒಂದು ಸಹಿ ಹಾಕಿ ಬರೋದು" ಎಂದು ಫೋನಿನಲ್ಲಿ ಸುಳ್ಳು ಹೇಳಿದ್ದ. ಅವರು ಬಿಡಲಿಲ್ಲ. ಮೂವತ್ತನಾಲ್ಕು ವರ್ಷ ಲೈನ್‌ಮ್ಯಾನ್ ಆಗಿದ್ದು ಪಿಂಚಣಿ ತೆಗೆದುಕೊಳ್ಳುತ್ತಿರುವ ಮನುಷ್ಯ. "ಆಫೀಸು ಅಂದ್ರೆ ನನಗೆ ನೀರು ಕುಡಿದಂಗೆ ಬುಡಿ. ನೀವೊಬ್ರೇ ಯಾಕೆ, ನಾನೂ ಬತ್ತೀನಿ" ಎಂದು ಕುಣಿಗಲ್ಲಿನಿಂದ ಮೊದಲ ಬಸ್ಸಿಗೇ ಬಂದಿಳಿದಿದ್ದರು.

ಕಾನೂನಿನ ಮಾತು ನಿಜಕ್ಕೂ ಸರಳವಾಗಿಯೇ ಇತ್ತು. ಹಿಂದಿನ ಸಲ, ಕೆಲಸದಿಂದ ತೆಗೆದರೆಂದು ದೂರು ಕೊಡಲು ಅವನು ಬಂದಾಗ, ಮೇಡಂ ಅದನ್ನು ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ್ದರು. "ನೋಡಿ, ಗಂಟೆಗೆ ಕೊಟ್ರಾ ತಿಂಗಳಿಗೆ ಕೊಟ್ರಾ ಅನ್ನೋದು ಮುಖ್ಯ ಅಲ್ಲ. ಆರ್ಡರ್‌ನಲ್ಲಿ ಸೂಪರ್‌ವೈಸರ್ ಅಂತ ಬರೆದ ಮಾತ್ರಕ್ಕೆ ಯಾರೂ ಸೂಪರ್‌ವೈಸರ್ ಆಗಲ್ಲ. ದಿನದಲ್ಲಿ ಹೆಚ್ಚು ಹೊತ್ತು ನೀವು ಏನು ಮಾಡ್ತಿದ್ರಿ? ಕೈಯಾರೆ ಕೆಲಸ ಮಾಡ್ತಿದ್ರಾ, ಇಲ್ಲ ನಿಂತು ಬೇರೆಯವರ ಹತ್ರ ಮಾಡಿಸ್ತಿದ್ರಾ? ನಾನು ಅದನ್ನ ನೋಡ್ತೀನಿ. ಕೆಲಸಗಾರರು ಅಂತಾದ್ರೆ ಹೀಗೆ ಒಂದು ಕಾಗದ ಕೊಟ್ಟು ನಿಮ್ಮನ್ನ ತೆಗೆಯೋ ಹಾಗಿಲ್ಲ, ವಾಪಸ್ ತಗೋಬೇಕು. ಪಾಳಿ ಮೀರಿ ದುಡಿದ ಗಂಟೆಗೂ ಡಬಲ್ ಕೊಡ್ಬೇಕು. ಮೇಲ್ವಿಚಾರಕರು ಅಂತಾದ್ರೆ, ಇಷ್ಟು ಸಂಬಳದವರಿಗೆ ಈ ಕಚೇರಿಯಿಂದ ನಾನೇನೂ ಮಾಡಕ್ಕಾಗಲ್ಲ." ಕೊನೆಗೆ, "ನಿಮ್ಮ ಕೆಲಸ ಕಂಡವರು ಯಾರಾದ್ರೂ ಒಬ್ಬರನ್ನ ಕರ್ಕೊಂಡು ಬನ್ನಿ" ಎಂದಿದ್ದರು.

ಅವನ ಕೆಲಸವನ್ನು ಕಾಣದವರು ಆ ಫ್ಯಾಕ್ಟರಿಯಲ್ಲಿ ಯಾರಿದ್ದರು? ಹತ್ತೊಂಬತ್ತು ವರ್ಷ ಅವನು ಡ್ರೈಯರಿನ ಮುಂದೆ ನಿಂತವನು. ಹೆಂಗಸರು ಸಾಲಾಗಿ ಕೂತು ಕಾಯಿಯ ಕಂದು ಸಿಪ್ಪೆಯನ್ನು ಹೆರೆದು ಬಿಸಾಡಿದ ಮೇಲೆ, ಬಿಳಿ ಕಾಯಿ ತೊಳೆದು ಯಂತ್ರದಲ್ಲಿ ತುರಿದಾದ ಮೇಲೆ, ಆ ಒದ್ದೆ ತುರಿಯನ್ನು ಟ್ರೇಗೆ ಹರಡಿ ಬಿಸಿಗಾಳಿಯ ಕೋಣೆಗೆ ತಳ್ಳುವುದು, ತಿರುವಿ ಹಾಕುವುದು, ಒಣಗಿದ್ದನ್ನು ಮೂಟೆಗೆ ತುಂಬಿ ಬೆನ್ನ ಮೇಲೆ ಹೊತ್ತು ಗೋಡೌನಿಗೆ ಹಾಕುವುದು. ಬೇಸಿಗೆಯಲ್ಲಿ ಆ ಕೋಣೆಯ ಬಾಗಿಲು ತೆಗೆದರೆ ಹುಬ್ಬಿನ ಕೂದಲು ಸುಟ್ಟಂತಾಗುತ್ತಿತ್ತು. ಗಂಟೆಯ ಲೆಕ್ಕದ ಕೂಲಿ. ಪಾಳಿ ಮುಗಿದ ಮೇಲೂ ನಿಂತರೆ ಡಬಲ್. ಹಬ್ಬಗಳ ಮುಂಚೆ ದಿನಕ್ಕೆ ಹನ್ನೆರಡು ಗಂಟೆ ನಿಂತು ಕೈತುಂಬ ತರುತ್ತಿದ್ದ.

ಎರಡು ವರ್ಷದ ಹಿಂದೆ ಅಂಜನ್ ಅವನನ್ನು ಆಫೀಸಿನೊಳಗೆ ಕರೆದು, ಎದುರಿಗೆ ಕುರ್ಚಿ ಹಾಕಿಸಿ ಕೂರಿಸಿದ. ಆ ಕುರ್ಚಿಯಲ್ಲಿ ಹನುಮಂತರಾಜು ಕೂತದ್ದು ಅದೇ ಮೊದಲು. "ಇನ್ಮೇಲೆ ನೀವು ಸ್ಟಾಫು. ಗಂಟೆ ಲೆಕ್ಕ ಮುಗೀತು. ತಿಂಗಳಾದ್ರೆ ಹತ್ತೊಂಬತ್ತು ಸಾವಿರ, ಸೂಪರ್‌ವೈಸರ್ ಅಂತ ಆರ್ಡರು" ಎಂದು ಇಂಗ್ಲಿಷಿನ ಎರಡು ಹಾಳೆ ಮುಂದಿಟ್ಟ. ಹನುಮಂತರಾಜು ಎರಡಕ್ಕೂ ಸಹಿ ಹಾಕಿದ. ಓದಿಸಿ ಕೇಳಬೇಕೆಂದು ತೋಚಲಿಲ್ಲ. ಅವನ ಅಪ್ಪ ಮರಕ್ಕಿಷ್ಟು ಎಂದು ಕಾಯಿ ಕೆಡವುತ್ತಿದ್ದವನು, ತಾತ ದಿನಕ್ಕಿಷ್ಟು ಎಂದು ಹೊಲ ಉಳುತ್ತಿದ್ದವನು. ಅವನ ವಂಶದಲ್ಲಿ ತಿಂಗಳ ಸಂಬಳದ ಮುಖ ನೋಡಿದವನು ಅವನೇ ಮೊದಲು. ಆ ಹೊತ್ತಿನಲ್ಲಿ ನಿಲ್ಲಿಸಿ ಓದಿ ಹೇಳಿ ಎನ್ನುವವನು ಎಲ್ಲಿ ಸಿಗುತ್ತಾನೆ?

ಡ್ರೈಯರಿನಲ್ಲಿ ಜೊತೆಗಿದ್ದ ಸಂತೋಷ್ ಮಾತ್ರ ಮಾರನೆಯ ದಿನವೇ ನಕ್ಕಿದ್ದ. "ರಾಜಣ್ಣ, ಓಟಿ ಸೇರುಸ್ಕಂಡ್ರೆ ನಿನಗೆ ಮೊದ್ಲೇ ಜಾಸ್ತಿ ಬತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವ ಅಂದಂಗಾಯ್ತು."

"ನಿನಗೆ ಹೊಟ್ಟೆಕಿಚ್ಚು ಕಣ್ಲಾ" ಎಂದು ಹನುಮಂತರಾಜುವೂ ನಕ್ಕಿದ್ದ. ಹೆಂಡತಿ ಮಂಜುಳಮ್ಮ ಯಡಿಯೂರಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದು ಬೀದಿಗೆಲ್ಲ ಪ್ರಸಾದ ಹಂಚಿದಳು. ಕೆಲಸವೇನೂ ಬದಲಾಗಲಿಲ್ಲ. ಅದೇ ಟ್ರೇ, ಅದೇ ಮೂಟೆ. ಹೊಸದಾಗಿ ಸೇರಿದ್ದೆಂದರೆ, ಯಾರಾದರೂ ಹೆಂಗಸಿಗೆ ರಜೆ ಬೇಕಾದರೆ ಆ ಮಾತನ್ನು ಆಫೀಸಿಗೆ ಮುಟ್ಟಿಸುವುದು, ಆಫೀಸು ಆಗುವುದಿಲ್ಲ ಎಂದದ್ದನ್ನು ತಿರುಗಿ ಬಂದು ಹೇಳುವುದು.

ಆದರೆ ಮನೆಯಲ್ಲಿ ಬದಲಾಯಿತು. ಅದುವರೆಗೆ ಮಗಳು ಇಂಪನಾಳನ್ನು ನೋಡಲು ಬಂದವರು ಕಾಫಿ ಕುಡಿದು ಹೋಗಿ ಸುದ್ದಿಯಿಲ್ಲದೆ ಆಗುತ್ತಿದ್ದರು. ಈಗ ಕುಣಿಗಲ್ಲಿನಿಂದ ರಾಮಾಂಜಿನಯ್ಯ ಬಂದರು. ಚಾಪೆಯ ಮೇಲೆ ಕೂತವರೇ ಕೇಳಿದ ಮೊದಲ ಮಾತು, "ಹುಡುಗಿ ತಂದೆ ತಿಂಗಳ ಸಂಬಳದವ್ರು ಅಂತ ಕೇಳಿದ್ವಿ." ಮಂಜುಳಮ್ಮ ಅಡುಗೆಮನೆಯಿಂದಲೇ, "ಹೂಂ, ಸೂಪರ್‌ವೈಸರು" ಎಂದಳು. ಪತ್ರಿಕೆ ಅಚ್ಚಿಗೆ ಹೋಗುವಾಗ ಆ ಒಂದು ಸಾಲು ಹಾಕಿಸಿದವಳೂ ಅವಳೇ. ಗಂಡಿನ ತಂದೆಯ ಹೆಸರಿನ ಕೆಳಗೆ "ನಿವೃತ್ತ ಲೈನ್‌ಮ್ಯಾನ್" ಎಂದು ಇರುವಾಗ ಹೆಣ್ಣಿನ ತಂದೆಯ ಹೆಸರಿನ ಕೆಳಗೆ ಬರೀ ಜಾಗ ಬಿಡುವುದುಂಟೇ? ಈ ಕಡೆ ಯಾರೂ ಬಿಡುವುದಿಲ್ಲ.

ಮದುವೆಯಾಗಿ ಆರೇಳು ತಿಂಗಳಿಗೆ ಹಬ್ಬದ ಆರ್ಡರು ಬಂತು. ಡ್ರೈಯರು ದಿನಕ್ಕೆ ಹದಿನಾಲ್ಕು ಗಂಟೆ ಉರಿಯಿತು. ತಿಂಗಳ ಕೊನೆಗೆ ಸಂತೋಷನ ಕೈಗೆ ಇಪ್ಪತ್ತಾರು ಸಾವಿರ ಬಂತು, ಹನುಮಂತರಾಜುವಿನ ಕೈಗೆ ಅದೇ ಹತ್ತೊಂಬತ್ತು. ಆಫೀಸಿಗೆ ಹೋಗಿ ಕೇಳಿದ. "ಸ್ಟಾಫಿಗೆ ಓಟಿ ಇರಲ್ಲ" ಎಂದ ಅಂಜನ್. "ಹಂಗಾದ್ರೆ ನಾನೂ ಸ್ಟಾಫ್‌ನಂಗೆ ಐದು ಗಂಟೆಗೆ ಮನೆಗೋಯ್ತೀನಿ" ಎಂದು ಹನುಮಂತರಾಜು ಆವತ್ತು ಹೊರಟೇಬಿಟ್ಟ. ಅವನು ಹೋದ ಮೇಲೆ ಒಂದು ಲೋಡು ಸೀದು ಕಂದು ಬಣ್ಣಕ್ಕೆ ತಿರುಗಿತು. ಮೂರನೇ ದಿನ ಕಾಗದ ಬಂತು. ಒಂದು ತಿಂಗಳ ಸಂಬಳ ಕೊಟ್ಟು ಮುಗಿಸಿದ್ದರು. ನಲವತ್ತೊಂಬತ್ತನೇ ವಯಸ್ಸಿಗೆ ಯಾರು ಹೊಸದಾಗಿ ಕೆಲಸ ಕೊಡುತ್ತಾರೆ? ನಾಲ್ಕು ತಿಂಗಳಿಂದ ಅವನು ಊರಿನಲ್ಲಿ ಯಾರಿಗೂ ಕಾಣದ ಹಾಗೆ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ತುಮಕೂರಿನ ಮಂಡಿಯಲ್ಲಿ ಕಾಯಿ ಎಣಿಸಿ ಬರುತ್ತಿದ್ದ, ಸಿಕ್ಕ ದಿನ ಸಿಕ್ಕಷ್ಟು. ಬೀಗರ ಮನೆಗೆ ಈ ಸುದ್ದಿ ಮುಟ್ಟಿರಲಿಲ್ಲ. ಇಂಪನಾಳಿಗೂ ಹೇಳಿರಲಿಲ್ಲ.

"ಹನುಮಂತರಾಜು ಅವರೇ, ಇದಕ್ಕೆ ಏನು ಹೇಳ್ತೀರಿ?" ಮೇಡಂ ಪತ್ರಿಕೆಯನ್ನು ಅವನ ಕಡೆ ತಿರುಗಿಸಿ ಕೇಳಿದರು.

ಅವನಿಗೆ ಬೀಗರ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಹೇಳದೆ ಇದ್ದರೆ ಕೆಲಸ ಹೋಗುತ್ತದೆ, ಹೇಳಿದರೆ ಮಾನ. ಹೊಟ್ಟೆಯೋ ಮಾನವೋ ಎಂದು ಈ ನಾಲ್ಕು ತಿಂಗಳು ಅವನು ಯೋಚಿಸಿದ್ದೇ ಯೋಚಿಸಿದ್ದು. ಬಸ್ಸಿನಲ್ಲಿ ಬರುವಾಗ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ.

"ಅದು ಮದ್ವೆಗೆ ಅಂತ ಹಾಕ್ಸಿದ್ದು ಮೇಡಂ" ಎಂದ. "ಕಾಗದದಲ್ಲಿ ಸೂಪರ್‌ವೈಸರ್ ಅಂತಿತ್ತು, ಹಾಕ್ಸಿದ್ವಿ. ಮಾಡ್ತಿದ್ದಿದ್ದು ಕೂಲಿ ಕೆಲ್ಸಾನೇ. ಟ್ರೇ ಎಳೆಯೋದು, ಮೂಟೆ ಹೊರೋದು. ನನ್ನ ಕೆಳಗೆ ಯಾರೂ ಇರ್ಲಿಲ್ಲ. ನನ್ನ ಮಾತು ಯಾರೂ ಕೇಳ್ಬೇಕು ಅಂತಾನೂ ಇರ್ಲಿಲ್ಲ. ನಾನೊಬ್ಬ ಆಳು, ಅಷ್ಟೇ."

ಹಿಂದೆ ಬೆಂಚು ಕಿರುಗುಟ್ಟಿತು. ರಾಮಾಂಜಿನಯ್ಯ ಗೋಡೆಗೆ ಒರಗಿದ್ದರು. ಹೆಗಲ ಮೇಲಿನ ಟವಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಮೇಡಂ ಬರೆದುಕೊಂಡರು. ಬರೆದು ಮುಗಿಸಿ ತಲೆಯೆತ್ತಿದಾಗ ಅವರ ಮುಖದಲ್ಲಿ ಒಂದು ಬಗೆಯ ಒಪ್ಪಿಗೆ ಕಂಡಿತು. "ಕಾರ್ಡು ಪುರಾವೆ ಆಗಲ್ಲ ಅಂಜನ್. ಮದುವೆ ಕಾರ್ಡಲ್ಲಿ ಜನ ಏನೇನೋ ಹಾಕಿಸ್ತಾರೆ. ಸಾಕ್ಷಿ ಕರೀರಿ" ಎಂದರು. ಹನುಮಂತರಾಜುವಿಗೆ ಬೆನ್ನಿನಿಂದ ಮೂಟೆ ಇಳಿಸಿದಂತಾಯಿತು. ಮಾನ ಹೋಗುವಷ್ಟು ಹೋಯಿತು, ಇನ್ನು ಕೆಲಸವಾದರೂ ಉಳಿದೀತು.

ಸಾಕ್ಷಿಗೆ ಬಂದಿದ್ದವರು ಒಬ್ಬರೇ. ಸಂತೋಷ್ ಮೊದಲು ಹೂಂ ಎಂದು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಅವನದ್ದೂ ಹೊಟ್ಟೆಪಾಡು, ಬೈಯುವಂತಿಲ್ಲ. ಸಿಪ್ಪೆ ಹೆರೆಯುವ ರಂಗಲಕ್ಷ್ಮಮ್ಮ ಮಾತ್ರ, "ತೆಗುದ್ರೆ ತೆಗೀಲಿ ಕಣಣ್ಣ, ಈ ವಯಸ್ನಲ್ಲಿ ನನ್ನ ಏನ್ ಕಿತ್ಕತಾರೆ" ಎಂದು ಒಪ್ಪಿಕೊಂಡಿದ್ದಳು. ಆರು ವರ್ಷಕ್ಕೆ ದೊಡ್ಡವಳಾದರೂ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು. ಏನು ಹೇಳಬೇಕೆಂದು ಅವಳು ಕೇಳಿದಾಗ ಹನುಮಂತರಾಜು, "ಇದ್ದುದ್ನ ಇದ್ದಂಗೆ ಹೇಳಕ್ಕ, ಸಾಕು" ಎಂದಿದ್ದ. ನಾನು ಆಳಾಗಿದ್ದೆ ಎಂದು ಹೇಳು ಅನ್ನಲು ಅವಳ ಮುಂದೆ ನಾಲಿಗೆ ಹೊರಳಿರಲಿಲ್ಲ. ಮದುವೆಯಲ್ಲಿ ಅವಳನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಹೊಸ ಸೀರೆ ಕೊಟ್ಟು ಕಳಿಸಿದ್ದ ಮನೆಯ ಯಜಮಾನ ಅವನು.

ರಂಗಲಕ್ಷ್ಮಮ್ಮ ಚಪ್ಪಲಿಯನ್ನು ಬಾಗಿಲಾಚೆಯೇ ಬಿಟ್ಟು ಒಳಗೆ ಬಂದಳು. ಅದೇ ಮದುವೆಯ ಸೀರೆ ಉಟ್ಟಿದ್ದಳು. ಮೇಡಂ ಕುರ್ಚಿ ತೋರಿಸಿದರೆ ಕೂರಲಿಲ್ಲ. "ಅಣ್ಣಾರು ಕೂತವ್ರೆ, ನಾನು ನಿಂತ್ಕತೀನಿ ಬುಡಿ" ಎಂದಳು. ಅಂಜನ್ ತನ್ನ ಹಾಳೆಯ ಮೇಲೆ ಏನೋ ಗುರುತು ಹಾಕಿಕೊಂಡ.

"ಹನುಮಂತರಾಜು ಅಲ್ಲಿ ಏನು ಕೆಲಸ ಮಾಡ್ತಿದ್ರಮ್ಮ?"

ಅವಳು ಮೊದಲು ಹನುಮಂತರಾಜುವನ್ನು ನೋಡಿದಳು. ಆಮೇಲೆ ಅವನ ತಲೆಯ ಮೇಲಿಂದ ಬೆಂಚಿನ ಕಡೆ ನೋಡಿ, ರಾಮಾಂಜಿನಯ್ಯನವರನ್ನು ಗುರುತು ಹಿಡಿದು, ಸೆರಗನ್ನು ಹೆಗಲ ತುಂಬ ಹೊದ್ದುಕೊಂಡಳು. "ಅಣ್ಣಾರು ನಮಗೆಲ್ಲ ದೊಡ್ಡೋರು ಮೇಡಂ. ಸೂಪರ್‌ವೈಸರು."

"ಅದು ಹೆಸರು. ಕೆಲಸ ಏನು?"

"ಕೆಲಸ ಮಾಡ್ಸೋದು. ಅವರ ಮಾತಿಲ್ದೆ ಅಲ್ಲಿ ಒಂದು ಕಾಯಿ ಅತ್ಲಾಗೆ ಇತ್ಲಾಗೆ ಆಗ್ತಿರ್ಲಿಲ್ಲ."

ಹನುಮಂತರಾಜು ಕೂತಲ್ಲೇ ಅಲುಗಾಡಿದ. ಮೇಡಂ ಪೆನ್ನು ನಿಲ್ಲಿಸಿ ಅವಳನ್ನೇ ನೋಡಿದರು. "ರಜೆ ಬೇಕಾದ್ರೆ ಯಾರನ್ನ ಕೇಳ್ತಿದ್ರಿ?"

"ಇವರನ್ನೇ. ನನ್ನ ಮೊಮ್ಮಗೀಗೆ ಜ್ವರ ಬಂದಾಗ, ಮೂರು ದಿನ ಹೋಗಿ ನೋಡ್ಕಂಡ್ ಬಾ ರಂಗಲಕ್ಷ್ಮಕ್ಕ ಅಂತ ಇವರೇ ಕಳ್ಸಿದ್ರು. ಕೂಲೀನೂ ಮುರ್ಕಣ್ಲಿಲ್ಲ. ಅಂಥಾ ಜನ."

ಆ ಮೂರು ದಿನ ಹನುಮಂತರಾಜುವಿಗೆ ಚೆನ್ನಾಗಿ ನೆನಪಿತ್ತು. ಅವಳ ಪರವಾಗಿ ಆಫೀಸಿಗೆ ಎರಡು ಸಲ ಹೋಗಿ ಬೈಸಿಕೊಂಡು ಬಂದಿದ್ದ. ಮೂರೂ ದಿನದ ಕೂಲಿಯನ್ನು ಮುರಿದುಕೊಂಡಿದ್ದರು. ಅವನು ತಡೆಯಲಾರದೆ ಜೇಬಿನಿಂದ ಐನೂರು ರೂಪಾಯಿ ತೆಗೆದು ಅವಳ ಕೈಗಿಟ್ಟು, ಆಫೀಸಿನವರು ಕೊಟ್ಟರು ಎಂದು ಹೇಳಿದ್ದ. ಹೇಳಿದ್ದನ್ನು ಅವಳು ನಂಬಿದ್ದಳೋ, ಇಲ್ಲ ಎಲ್ಲ ತಿಳಿದೇ ಇವತ್ತು ಆ ಋಣ ತೀರಿಸುತ್ತಿದ್ದಳೋ. ದೇವರಿಗೇ ಗೊತ್ತು.

"ನೀವು ಏನಾದ್ರೂ ಕೇಳೋದಿದ್ರೆ ಇವರನ್ನ ಕೇಳಬಹುದು" ಎಂದರು ಮೇಡಂ ಹನುಮಂತರಾಜುವಿಗೆ. ಅವರ ದನಿಯಲ್ಲಿ, ಕೇಳು ಮಾರಾಯ ಎಂಬ ಒತ್ತಾಯವಿತ್ತು.

ಅವನು ಎದ್ದು ನಿಂತ. "ಅಕ್ಕ, ಡ್ರೈಯರ್ ಮುಂದೆ ಟ್ರೇ ಎಳೀತಿದ್ದಿದ್ದು ನಾನಲ್ವಾ? ಗೋಡೌನಿಗೆ ಮೂಟೆ ಹೊರ್ತಿದ್ದಿದ್ದು ನಾನಲ್ವಾ? ದಿನಾ ನೋಡ್ತಿದ್ದೆಯಲ್ಲ, ಹೇಳಕ್ಕ."

ರಂಗಲಕ್ಷ್ಮಮ್ಮನ ಮುಖದಲ್ಲಿ ಒಂದು ನಗು ಬಂತು. ತುಂಬಿದ ಮನೆಯಲ್ಲಿ ಬಡತನದ ಮಾತೆತ್ತಿದ ಗಂಡಸನ್ನು ಮನೆಯ ಹಿರಿಯ ಹೆಂಗಸು ಸುಮ್ಮನಾಗಿಸುವಾಗ ನಗುವ ನಗು ಅದು. "ನೀವ್ಯಾಕಣ್ಣ ಮೂಟೆ ಹೊರ್ತೀರಿ" ಎಂದಳು. ಮೇಡಂ ಕಡೆ ತಿರುಗಿ, "ಅದಕ್ಕೆಲ್ಲ ಆಳುಗಳವ್ರೆ ಮೇಡಂ. ಅಣ್ಣಾರು ದೊಡ್ಡ ಮನಸ್ಸಿನೋರು, ತಮ್ಮನ್ನ ತಾವು ಚಿಕ್ಕದು ಮಾಡ್ಕಂಡು ಮಾತಾಡ್ತಾರೆ. ಅವರು ಒಂದು ದಿನಾನೂ ಮೂಟೆ ಮುಟ್ಟಿದ್ದು ನಾನು ಕಾಣೆ" ಎಂದಳು.

ಹನುಮಂತರಾಜುವಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳು ಬಂತು. ಮಾನವನ್ನು ಕೈಯಾರೆ ಬಿಚ್ಚಿಟ್ಟು ಕೆಲಸ ಕೇಳಿದ್ದ. ಈ ಹೆಂಗಸು ಆ ಮಾನವನ್ನು ಎತ್ತಿ ತಂದು ಅವನ ಹೆಗಲಿಗೆ ಹೊದಿಸಿ, ಕೆಲಸವನ್ನು ಹೊರಗೆ ಹಾಕುತ್ತಿದ್ದಳು. ಅದೂ ಎಷ್ಟು ಪ್ರೀತಿಯಿಂದ.

"ಹನುಮಂತರಾಜು ಅವರೇ, ನೀವು ಕರೆದ ಸಾಕ್ಷಿಯೇ ಹೀಗೆ ಹೇಳ್ತಿದಾರೆ. ಇವರು ಹೇಳ್ತಿರೋದು ಸುಳ್ಳು ಅಂತೀರಾ?" ಮೇಡಂ ಒಂದೊಂದು ಮಾತನ್ನೂ ಬಿಡಿಸಿ ಕೇಳಿದರು. "ಹೌದು ಅಂದ್ರೆ ಹೇಳಿ. ಬರ್ಕೋತೀನಿ. ಬೇರೆ ಸಾಕ್ಷಿ ತರೋಕೆ ಇನ್ನೊಂದು ದಿನ ಕೊಡ್ತೀನಿ."

ಅವನು ತಲೆ ತಗ್ಗಿಸಿದ. ರಂಗಲಕ್ಷ್ಮಮ್ಮನ ಬರಿಗಾಲು ಕಾಣಿಸಿತು. ದಿನವಿಡೀ ಕಾಯಿನೀರಿನಲ್ಲಿ ನೆನೆದು ನೆನೆದು ಬೆರಳ ಸಂದು ಬಿಳಿಚಿಕೊಂಡಿತ್ತು, ಹಿಮ್ಮಡಿ ಒಡೆದಿತ್ತು. ಇವತ್ತಿನ ಕೂಲಿ ಬಿಟ್ಟು ಬಂದಿದ್ದಾಳೆ. ನಾಳೆ ಇವಳನ್ನು ತೆಗೆದರೂ ತೆಗೆದರೇ. ಇವಳನ್ನು ಸುಳ್ಳುಗಾತಿ ಎಂದು ಸರ್ಕಾರಿ ಕಾಗದದ ಮೇಲೆ ಬರೆಸುವುದೇ? ಹಿಂದೆ ಬೆಂಚು ಮತ್ತೆ ಕಿರುಗುಟ್ಟಿತು. ರಾಮಾಂಜಿನಯ್ಯ ಮತ್ತೆ ಮುಂದಕ್ಕೆ ಬಾಗಿರಬೇಕು.

"ಇಲ್ಲ ಮೇಡಂ" ಎಂದ. "ಆಯಮ್ಮ ಸುಳ್ಳು ಹೇಳೋರಲ್ಲ."

ಮೇಡಂ ಒಂದು ಗಳಿಗೆ ಕಾದರು. ಆಮೇಲೆ ಬರೆದರು. ರಂಗಲಕ್ಷ್ಮಮ್ಮ ಹೆಬ್ಬೆಟ್ಟು ಒತ್ತಿದಳು, ಹನುಮಂತರಾಜು ಸಹಿ ಹಾಕಿದ, ಅಂಜನ್ ಲಗ್ನಪತ್ರಿಕೆಯನ್ನು ಜೋಪಾನವಾಗಿ ಫೈಲಿಗೆ ಸೇರಿಸಿದ. ಎಲ್ಲರೂ ಹೊರಗೆ ಹೋದ ಮೇಲೆ ಮೇಡಂ ಅವನೊಬ್ಬನನ್ನು ನಿಲ್ಲಿಸಿದರು.

"ಆದೇಶ ಪೋಸ್ಟಿನಲ್ಲಿ ಬರುತ್ತೆ. ಅದರಲ್ಲಿ ಏನಿರುತ್ತೆ ಅಂತ ನಿಮಗೆ ಗೊತ್ತಾಯ್ತಲ್ವಾ?"

"ಗೊತ್ತಾಯ್ತು ಮೇಡಂ."

"ಸಿವಿಲ್ ಕೋರ್ಟಿಗೆ ಹೋಗಬಹುದು. ವರ್ಷಗಟ್ಟಲೆ ಆಗುತ್ತೆ, ಲಾಯರ್ ಖರ್ಚು ನಿಮ್ದೇ." ಅವರು ಪೆನ್ನಿನ ಮುಚ್ಚಳ ಹಾಕಿದರು. "ಮೊದಲು ನೀವು ಹೇಳಿದ್ರಲ್ಲ, ಅದು ನಿಜ ಅಂತ ನನಗೆ ಅನ್ನಿಸ್ತು. ಅನ್ನಿಸಿದ್ದನ್ನ ಆರ್ಡರ್‌ನಲ್ಲಿ ಬರೆಯೋಕಾಗಲ್ಲ."

ಅವನು ಕೈಮುಗಿದು ಹೊರಗೆ ಬಂದ. ಮೆಟ್ಟಿಲ ಹತ್ತಿರ ರಾಮಾಂಜಿನಯ್ಯ ರಂಗಲಕ್ಷ್ಮಮ್ಮನ ಜೊತೆ ಮಾತಿಗೆ ನಿಂತಿದ್ದರು. ಟವಲು ಹೆಗಲಿಗೆ ಏರಿತ್ತು. ಅವನನ್ನು ಕಂಡವರೇ ಭುಜದ ಮೇಲೆ ಕೈ ಹಾಕಿದರು.

"ಏನ್ ಬೀಗ್ರೆ ನೀವು, ಅಷ್ಟೆಲ್ಲ ಅಧಿಕಾರ ಇಟ್ಕಂಡು ನಾನು ಆಳು ಅಂತೀರಲ್ಲ. ನನ್ನ ಎದೆ ಒಡೆದೋಯ್ತು. ದುಡ್ಡು ಬರಾಕೆ ಹಂಗ್ ಹೇಳ್ಬೇಕು ಅಂತ ಯಾರೋ ಹೇಳ್ಕೊಟ್ಟವ್ರೆ ಅಂತ ಆಮೇಲೆ ತಿಳೀತು. ಈಯಮ್ಮ ಬಾಯ್ಬಿಟ್ಟ ಮೇಲೆ ನೋಡಿ, ಮೇಡಮ್ಮು ಒಂದು ಮಾತೂ ಆಡ್ಲಿಲ್ಲ. ಸಹಿ ಹಾಕುಸ್ಕಂಡು ಕಳ್ಸುದ್ರು. ಆಯ್ತಲ್ಲ?"

"ಆಯ್ತು" ಎಂದ ಹನುಮಂತರಾಜು.

ಬಸ್‌ಸ್ಟ್ಯಾಂಡಿನ ಹತ್ತಿರ ರಾಮಾಂಜಿನಯ್ಯ ಹಟ ಹಿಡಿದು ಅಂಗಡಿಗೆ ನುಗ್ಗಿ ಒಂದು ಕೆ.ಜಿ. ಮೈಸೂರುಪಾಕು ಕಟ್ಟಿಸಿ ಅವನ ಕೈಗೆ ಕೊಟ್ಟರು. ಫೋನು ತೆಗೆದು ಸೊಸೆಗೆ, "ಇಂಪನಾ, ನಿಮ್ಮಪ್ಪಂದು ಕೆಲ್ಸ ಸಲೀಸಾಯ್ತು ಕಣಮ್ಮ. ಎಂಥ ಮನುಷ್ಯ ಅಂತ ಇವತ್ತು ಕಣ್ಣಾರೆ ಕಂಡೆ" ಎಂದರು. ಫೋನಿನ ಆ ಕಡೆಯಿಂದ ಮಗಳು ನಕ್ಕದ್ದು ಹನುಮಂತರಾಜುವಿಗೆ ಕೇಳಿಸಿತು. ಅವಳು ಹಾಗೆ ನಕ್ಕದ್ದನ್ನು ಅವನು ಕೇಳಿ ಬಹಳ ದಿನವಾಗಿತ್ತು. ಕುಣಿಗಲ್ ಬಸ್ಸು ಹೊರಟಿತು. ರಾಮಾಂಜಿನಯ್ಯ ಕಿಟಕಿಯಿಂದ ಕೈ ಬೀಸಿದರು.

ಗುಬ್ಬಿ ಬಸ್ಸಿನಲ್ಲಿ ರಂಗಲಕ್ಷ್ಮಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದವಳು ತಿರುಗಿ, ದನಿ ತಗ್ಗಿಸಿ ಹೇಳಿದಳು. "ಮಂಜುಳಕ್ಕ ನೆನ್ನೆ ಫೋನ್ ಮಾಡಿದ್ರು ಕಣಣ್ಣ. ಬೀಗ್ರು ಬತ್ತಾವ್ರೆ, ಅವರ ಮುಂದೆ ನಮ್ಮೆಜಮಾನ್ರು ಹಗುರ ಆಗ್ದಂಗೆ ನೋಡ್ಕಂಡು ಮಾತಾಡವ್ವ ಅಂದ್ರು. ಇಲ್ದಿದ್ರೆ ನಾನು ಮೂಟೆ ಗೀಟೆ ಅಂತ ಏನಾರ ಅಂದ್ಬುಡ್ತಿದ್ದೆ. ಸರಿಯಾಗಿ ಹೇಳಿದ್ನಾ?"

"ಸರಿಯಾಗಿ ಹೇಳ್ದೆ ಅಕ್ಕ."

"ಸೋಮವಾರದಿಂದ ಬತ್ತೀರಾ ಹಂಗಾದ್ರೆ?"

ಕಂಡಕ್ಟರ್ ಟಿಕೆಟ್ಟು ಕೇಳುತ್ತಾ ಬಂದ. ಹನುಮಂತರಾಜು ಎರಡು ಟಿಕೆಟ್ಟು ತೆಗೆದುಕೊಂಡು, ಚಿಲ್ಲರೆ ಇಸಿದುಕೊಂಡು, ಕಿಟಕಿಯ ಕಡೆ ತಿರುಗಿ ಕೂತ. ಅವಳೂ ಮತ್ತೆ ಕೇಳಲಿಲ್ಲ. ಗಂಡಸರಿಗೆ ನೂರು ಯೋಚನೆ ಎಂದುಕೊಂಡಿರಬೇಕು.

ಮನೆ ಮುಟ್ಟುವಾಗ ಮೂರು ಗಂಟೆ. ಮಂಜುಳಮ್ಮ ಬಾಗಿಲಲ್ಲೇ ನಿಂತಿದ್ದಳು. ಗಂಡನ ಮುಖ ನೋಡುವ ಮೊದಲು ಅವನ ಕೈಯಲ್ಲಿದ್ದ ಸಿಹಿಯ ಡಬ್ಬ ನೋಡಿದಳು.

"ಬೀಗ್ರು ಕೊಡ್ಸಿದ್ದು" ಎಂದ.

"ಹಂಗಾದ್ರೆ ಅವರಿಗೆ ಏನೂ ಬೇಜಾರಾಗಿಲ್ಲ" ಎಂದು ಅವಳು ದೊಡ್ಡ ಉಸಿರು ಬಿಟ್ಟಳು. "ರಂಗಲಕ್ಷ್ಮಕ್ಕ ಚೆನ್ನಾಗ್ ಮಾತಾಡುದ್ಲಾ?"

"ಚೆನ್ನಾಗೇ ಮಾತಾಡುದ್ಲು."

ನೀನು ಫೋನ್ ಮಾಡಿದ್ದರಿಂದ ಹೀಗಾಯಿತು ಎಂದು ಹೇಳುವುದು ಒಂದು ನಿಮಿಷದ ಮಾತು. ಆ ಒಂದು ನಿಮಿಷ ಆದಮೇಲೆ ಅವಳು ಬದುಕಿರುವವರೆಗೂ ಅದನ್ನೇ ನೆನೆಸಿಕೊಂಡು ಕೊರಗುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಇಪ್ಪತ್ತಾರು ವರ್ಷ ಜೊತೆಗಿದ್ದವಳು. ಅವನು ಹಜಾರದ ಕಂಬಕ್ಕೆ ಒರಗಿ ಕೂತ. ಪೋಸ್ಟು ಬರಲು ಹದಿನೈದು ದಿನವಾದರೂ ಆಗುತ್ತದೆ. ಅದೂ ಇಂಗ್ಲಿಷಿನಲ್ಲೇ ಇರುತ್ತದೆ.

ಅವಳು ಡಬ್ಬವನ್ನು ದೇವರ ಮುಂದಿಟ್ಟು ಬಂದು, ಒಳಗಿನ ಬೀರುವಿನಿಂದ ಫ್ಯಾಕ್ಟರಿಯ ನೀಲಿ ಅಂಗಿಯನ್ನು ಹುಡುಕಿ ತೆಗೆದಳು. ನಾಲ್ಕು ತಿಂಗಳು ಮಡಿಸಿಟ್ಟು ಮುಗ್ಗಲು ವಾಸನೆ ಬಂದಿತ್ತು. ಹಿತ್ತಿಲಿಗೆ ಒಯ್ದು ಬಕೆಟ್ಟಿನಲ್ಲಿ ಸೋಪಿನ ಪುಡಿ ಹಾಕಿ ನೆನೆಸಿ, ಒಗೆಯುವ ಕಲ್ಲಿನ ಮುಂದೆ ಸೀರೆ ಎತ್ತಿ ಕಟ್ಟಿಕೊಂಡು ನಿಂತಳು. "ಇವತ್ತೇ ಒಗೆದಾಕ್ಬುಟ್ರೆ ಸೋಮವಾರಕ್ಕೆ ಇಸ್ತ್ರಿ ಮಾಡ್ಬೌದು" ಎಂದಳು ಅಲ್ಲಿಂದಲೇ.

ಹನುಮಂತರಾಜು ಎದ್ದು ಹಿತ್ತಿಲಿಗೆ ಹೋದ. ಅವಳ ಕೈಯಿಂದ ಒದ್ದೆ ಅಂಗಿಯನ್ನು ಇಸಿದುಕೊಂಡು, "ಬುಡು, ನಾನು ಒಗೀತೀನಿ" ಎಂದ.

"ಸೂಪರ್‌ವೈಸರು ಬಟ್ಟೆ ಒಗೆಯೋದು ಯಾರಾದ್ರೂ ನೋಡುದ್ರೆ" ಎಂದು ನಕ್ಕು, ಅವಳು ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದಳು.

ಅವನು ತೋಳು ಮಡಿಸಿಕೊಂಡು ಒಗೆದ. ಕಾಲರಿನ ಒಳಮೈಗೆ ಸೋಪು ತಿಕ್ಕಿದ, ಬೆನ್ನಿನ ಕಡೆ ತಿಕ್ಕಿದ, ಕಲ್ಲಿಗೆ ಎತ್ತಿ ಎತ್ತಿ ಬಡಿದ. ಮೂರು ಬಕೆಟ್ ನೀರಿನಲ್ಲಿ ಅಲುಬಿದ ಮೇಲೂ ಇನ್ನೊಂದು ಬಕೆಟ್ ತುಂಬಿಸಿದ. "ಸಾಕು ಕಣ್ರೀ, ಬಣ್ಣ ಹೋಗುತ್ತೆ" ಎಂದಳು ಮಂಜುಳಮ್ಮ. ಅವನು ಅಂಗಿಯನ್ನು ಹಿಂಡಿ, ಒಂದು ಸಲ ಜೋರಾಗಿ ಕೊಡವಿ, ತಂತಿಯ ಮೇಲೆ ಹರಡಿ, ಎರಡೂ ತೋಳುಗಳನ್ನು ಎಳೆದು ಸುಕ್ಕು ಬಿಡಿಸಿದ.